ಬಸಾನಿಯ ಬುಧವಾರಗಳು

ಕಾಡುಪ್ರಾಣಿಗಳ ಪಾರ್ಕಿನ ಗೇಟಿನಲ್ಲಿ ನನಗೆ ಕೆಲಸ ಸಿಕ್ಕಿ ಆಗಿನ್ನೂ ಮೂರು ವಾರವಾಗಿತ್ತು. ಯೂನಿಫಾರಂ ಎರಡು ಅಳತೆ ದೊಡ್ಡದು. ಕಾಲರಿನೊಳಗಿಂದ ಕುತ್ತಿಗೆ ಹೊರಗೆ ಬಂದರೆ ಚಿಪ್ಪಿನಿಂದ ಆಮೆ ಇಣುಕಿದ ಹಾಗಿರುತ್ತದೆ ಎಂದು ನನ್ನ ತಂಗಿ ಊರಿಗೆಲ್ಲ ಹೇಳಿಕೊಂಡು ಬಂದಿದ್ದಳು. ಆದರೂ ಎದೆಯ ಮೇಲೆ 'ವುತೋಮಿ' ಎಂದು ಹೆಸರಿನ ಪಟ್ಟಿ ಇತ್ತು, ಮೇಜಿನ ಮೇಲೆ ಸೀಲು ಇತ್ತು, ಎದುರಿಗೆ ನಾನು ಗುಂಡಿ ಒತ್ತಿದರೆ ಮಾತ್ರ ಮೇಲೇಳುವ ಅಡ್ಡಗಂಬ ಇತ್ತು. ಇಪ್ಪತ್ತನಾಲ್ಕನೇ ವಯಸ್ಸಿನಲ್ಲಿ ಇಷ್ಟು ಅಧಿಕಾರ ಕೈಗೆ ಬಂದರೆ ಯಾರ ತಲೆಯಾದರೂ ತಿರುಗುತ್ತದೆ. ನನ್ನದು ಪೂರ್ತಿ ಒಂದು ಸುತ್ತು ತಿರುಗಿತ್ತು.

ಒಂದು ಬುಧವಾರ ಬೆಳಿಗ್ಗೆ ಗೇಟು ತೆರೆಯುವ ಹೊತ್ತಿಗೆ, ನೆತ್ತಿಯ ಮೇಲೆ ಡೇರೆ ಹೊತ್ತ ದೊಡ್ಡ ದೊಡ್ಡ ಗಾಡಿಗಳ ಸಾಲಿನಲ್ಲಿ ಒಂದು ಹಳೇ ಬಿಳಿ ಟೊಯೊಟಾ ನಿಂತಿತ್ತು. ಒಳಗೆ ಅರವತ್ತರ ಆಸುಪಾಸಿನ ಹೆಂಗಸು. ತಲೆಗೆ ಬಟ್ಟೆ ಕಟ್ಟಿದ್ದರು, ಹೆಗಲ ಮೇಲೆ ಗಂಟು ಹಾಕಿದ ಹಳದಿ ಬಟ್ಟೆ. ಕುಳ್ಳಗಿದ್ದುದರಿಂದ ಒಂದು ದಿಂಬಿನ ಮೇಲೆ ಕೂತು ಸ್ಟಿಯರಿಂಗ್ ಹಿಡಿದಿದ್ದರು. ಪಕ್ಕದ ಸೀಟಿನಲ್ಲಿ ಬಟ್ಟೆಯಲ್ಲಿ ಕಟ್ಟಿದ ಪಿಂಗಾಣಿ ಬೋಗುಣಿ. ಅವರು ಬಾಯಿ ತೆರೆಯುವ ಮೊದಲೇ ನನಗೆ ಎಲ್ಲ ಅರ್ಥವಾಯಿತು.

"ಕೆಲಸದವರ ಗೇಟು ಆ ಕಡೆ, ಮ್ಹಾನಿ. ನೀರಿನ ಟ್ಯಾಂಕ್ ದಾಟಿ ಎಡಕ್ಕೆ ಹೋಗಿ. ಬಟ್ಟೆ ಒಗೆಯೋರು ಬೇಗ ಶುರು ಮಾಡಿಬಿಡ್ತಾರೆ."

ತಾಯಿಯ ವಯಸ್ಸಿನ ಯಾರನ್ನೇ ಆಗಲಿ ನಮ್ಮಲ್ಲಿ 'ಮ್ಹಾನಿ' ಎನ್ನಬೇಕು. ಆ ಮರ್ಯಾದೆಯಲ್ಲಿ ನಾನು ಏನೂ ಕೊರತೆ ಮಾಡಲಿಲ್ಲ. ಅವರು ನನ್ನ ಮುಖ ನೋಡಿದರು, ಯೂನಿಫಾರಂ ನೋಡಿದರು, ತಲೆಯಾಡಿಸಿದರು, ಗಾಡಿ ಹಿಂದಕ್ಕೆ ತೆಗೆದು ಹೋದರು. ಹೊಸಬರಿಗೆ ದಾರಿ ತೋರಿಸಿದ ತೃಪ್ತಿಯಲ್ಲಿ ನಾನು ಎರಡು ಬಿಸ್ಕತ್ತು ತಿಂದೆ.

ಒಂದೂವರೆ ಗಂಟೆ ಕಳೆದ ಮೇಲೆ ಕಿಟಕಿಯ ಕಟ್ಟೆಯ ಮೇಲೆ, ನನ್ನ ಸೀಲಿನ ಪಕ್ಕದಲ್ಲಿ, ಮಡಿಸಿದ ಒಂದು ಹಸಿರು ಏಪ್ರನ್ ಬಂದು ಕೂತಿತು. ಅದರ ಹಿಂದೆ ಅದೇ ಹೆಂಗಸು.

"ಇದು ನಿಮ್ಮದು. ಹನ್ನೆರಡು ಹಾಸಿಗೆ ಬಟ್ಟೆ ಮಡಿಸಿಕೊಟ್ಟಿದ್ದೀನಿ. ಈಗ ಟಿಕೆಟ್ ಕೊಡ್ತೀಯಾ, ಇಲ್ಲ ಪಾತ್ರೆನೂ ತೊಳೀಬೇಕಾ?"

ಮೊದಲೇ ಹೇಳಬಾರದಿತ್ತೇ ಎಂದು ತೊದಲಿದೆ. ಒಳಗೆ ಹೋಗಬೇಕಾದರೆ ಏನೇನು ಮಾಡಿಸುತ್ತಾರೋ ತನಗೇನು ಗೊತ್ತು, ಯೂನಿಫಾರಂ ಹಾಕಿದವನು ಹೇಳಿದ, ಮಾಡಿದೆ ಎಂದರು. ಆ ಸಾಲಿನಲ್ಲಿದ್ದ ಬೇರೆ ಯಾರನ್ನೂ ನಾನು ಬಟ್ಟೆ ಒಗೆಯುವಲ್ಲಿಗೆ ಕಳಿಸಿರಲಿಲ್ಲ. ನನ್ನ ಅಮ್ಮನಂತೆ ಬಟ್ಟೆ ಕಟ್ಟಿದ್ದವರು, ನನ್ನ ಅಮ್ಮನ ಭಾಷೆ ಆಡುವವರು ಅವರೊಬ್ಬರೇ. ಇದನ್ನು ಅವರು ಎತ್ತಿ ಆಡಲಿಲ್ಲ. ಮಧ್ಯಾಹ್ನದ ಹೊತ್ತಿಗೆ ನನಗೇ ಹೊಳೆಯಿತು, ಆಮೇಲೆ ಬಿಸ್ಕತ್ತು ಸೇರಲಿಲ್ಲ.

ಅರ್ಜಿಯಲ್ಲಿ ಗಾಡಿಯೊಳಗೆ ಎಷ್ಟು ಜನ ಎಂದು ಬರೆಯಬೇಕು. ಕೇಳಿದೆ. ಒಬ್ಬಳು ಎಂದರು. ಮಿಕ್ಕವರು ಎಂದು ಕೇಳಿದೆ.

"ಮಿಕ್ಕವರು ಮನೇಲಿದ್ದಾರೆ. ಅದಕ್ಕೇ ಬಂದಿದ್ದು."

ನಿಯಮಗಳ ಹಾಳೆ ಕೊಟ್ಟೆ. ಓದಿ ಹೇಳು ಎಂದರು. ವೇಗದ ಮಿತಿ, ಗೇಟು ಮುಚ್ಚುವ ಹೊತ್ತು, ಪ್ರಾಣಿಗಳಿಗೆ ತಿನ್ನಲು ಕೊಡಬಾರದು, ಎಲ್ಲ ಓದಿದೆ. ತಂಗುದಾಣ ಬಿಟ್ಟು ಬೇರೆಲ್ಲೂ ಕಾರಿನಿಂದ ಇಳಿಯಬಾರದು ಎಂಬಲ್ಲಿಗೆ ಬಂದಾಗ ಕೈ ತೋರಿಸಿ ನಿಲ್ಲಿಸಿದರು.

"ಇಳಿಯಲೇಬಾರದಾ?"

"ಇಳಿಯಲೇಬಾರದು. ದಂಡ ಹಾಕ್ತಾರೆ."

"ಯಾರಾದರೂ ಕರೆದರೆ?"

"ಅಲ್ಲಿ ಯಾರು ಕರೀತಾರೆ ಮ್ಹಾನಿ, ಸಿಂಹನಾ?"

"ಯಾರೇ ಕರೆದರೂ?"

ಯಾರೇ ಕರೆದರೂ ಎಂದೆ. ಅವರು ಆ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ರವಿಕೆಯೊಳಗೆ ಇಟ್ಟುಕೊಂಡರು. ಬೇರೆಯವರು ಅದನ್ನು ಸಾಮಾನ್ಯವಾಗಿ ಕಿತ್ತಳೆ ಸಿಪ್ಪೆ ಕಟ್ಟಲು ಬಳಸುತ್ತಾರೆ.

ಹೀಗೆ ನನಗೆ ಬಸಾನಿ ಮಖುಬೆಲೆ ಪರಿಚಯವಾದರು.

ಅವರ ಊರು ಖೊಮೆಲಾ, ನಮ್ಮೂರಿನಿಂದ ನಾಲ್ಕು ಕಿಲೋಮೀಟರು. ಅಲ್ಲಿನ ಪ್ರಾಥಮಿಕ ಶಾಲೆಯಲ್ಲಿ ಇಪ್ಪತ್ತಾರು ವರ್ಷ ಅಡುಗೆ ಮಾಡಿದವರು. ದಿನಕ್ಕೆ ಆರುನೂರು ಚಿಲ್ಲರೆ ಮಕ್ಕಳು. ಮೂರು ಕಾಲಿನ ಕಬ್ಬಿಣದ ಹಂಡೆಗಳಲ್ಲಿ ಮೆಕ್ಕೆಜೋಳದ ಮುದ್ದೆ ತಿರುವಿ ತಿರುವಿ ಬಲಗೈಯ ತೋಳು ಎಡಗೈಯದಕ್ಕಿಂತ ದಪ್ಪವಾಗಿದೆ. ಗಂಡ ರುಸ್ಟೆನ್‌ಬರ್ಗಿನ ಗಣಿಗೆ ಹೋದವನು ಅಲ್ಲೇ ಇನ್ನೊಂದು ಮನೆ ಮಾಡಿಕೊಂಡ. ಈಸ್ಟರಿಗೆ ಒಂದು ಫೋನು ಬರುತ್ತದೆ. ಇಬ್ಬರು ಹೆಣ್ಣುಮಕ್ಕಳನ್ನು ಓದಿಸಿ ಮದುವೆ ಮಾಡಿದ್ದಾಯಿತು. ಸುತ್ತಿನ ನಾಲ್ಕು ಊರುಗಳಲ್ಲಿ ಯಾರು ತೀರಿಕೊಂಡರೂ ಮಾಂಸದ ಹಂಡೆ ಬಸಾನಿಯವರದೇ. ಸಾವಿನ ಮನೆಯಲ್ಲಿ ಮಾಂಸದ ಸೌಟು ಹಿಡಿಯುವುದೆಂದರೆ ನಮ್ಮ ಕಡೆ ಸಣ್ಣ ಮಾತಲ್ಲ. ಇನ್ನೂರು ಮುನ್ನೂರು ಜನ ಕಣ್ಣುಮುಚ್ಚಿ ನಂಬಿ ಉಣ್ಣುವ ಕೈ ಅದು.

ಪಾರ್ಕಿಗೆ ಮೊದಲ ಸಲ ಬಂದಿದ್ದೇನೆ ಎಂದು ಅವರು ಸೂಚಿಸಿದ್ದು ಅರ್ಧ ನಿಜ. ಪ್ರತಿ ವರ್ಷ ಶಾಲೆಯ ಮಕ್ಕಳನ್ನು ಬಸ್ಸಿನಲ್ಲಿ ಪಾರ್ಕಿಗೆ ಕರೆತರುತ್ತಿದ್ದರು. ಬಸ್ಸಿನಲ್ಲಿ ಬಸಾನಿ, ಮೂರು ಹಂಡೆ, ಸೌದೆ. ಗೇಟಿನ ಹೊರಗಿನ ಮೈದಾನದಲ್ಲಿ ಬಸಾನಿಯನ್ನೂ ಹಂಡೆಗಳನ್ನೂ ಸೌದೆಯನ್ನೂ ಇಳಿಸಿ ಬಸ್ಸು ಒಳಗೆ ಹೋಗುತ್ತಿತ್ತು. ಎರಡು ಗಂಟೆಗೆ ಮಕ್ಕಳು ಹಸಿದು ಬರುವಷ್ಟರಲ್ಲಿ ಊಟ ಸಿದ್ಧವಿರಬೇಕು. ಮಕ್ಕಳು ಆನೆ ನೋಡಿದೆವು ಎನ್ನುತ್ತಿದ್ದರು. ಎಷ್ಟು ದೊಡ್ಡದಿತ್ತು ಎಂದು ಇವರು ಕೇಳುತ್ತಿದ್ದರು. ಮಕ್ಕಳು ಎರಡು ಕೈ ಚಾಚಿ ತೋರಿಸುತ್ತಿದ್ದರು. ಇಪ್ಪತ್ತಾರು ವರ್ಷ ಪಾರ್ಕಿಗೆ ಬಂದು ಬಸಾನಿ ನೋಡಿದ ಆನೆಯೆಂದರೆ ಇಷ್ಟೇ, ಮಕ್ಕಳ ಎರಡು ಕೈಗಳ ನಡುವಿನ ಜಾಗ.

ನಿವೃತ್ತಿಯಾದಾಗ, ವರ್ಗವಾಗಿ ಹೋಗುತ್ತಿದ್ದ ಟೀಚರೊಬ್ಬರ ಕಾರು ಕೊಂಡರು. ಐವತ್ತೇಳನೇ ವಯಸ್ಸಿನಲ್ಲಿ ಓಡಿಸಲು ಕಲಿತರು. ಲೈಸೆನ್ಸಿಗೆ ಎರಡು ಸಲ ಹೋಗಿ ಫೇಲಾದರು, ಮೂರನೇ ಸಲ ಪರೀಕ್ಷೆ ಮಾಡುವವನೇ ದಣಿದು ಪಾಸು ಮಾಡಿದ ಎಂದು ಊರಿನವರು ಹೇಳುತ್ತಾರೆ. ತನ್ನ ತಪ್ಪೇ ಇರಲಿಲ್ಲ, ಹಿಂದಕ್ಕೆ ನಿಲ್ಲಿಸುವಾಗ ಆ ಕಂಬ ಜರುಗಿತ್ತು ಎಂದು ಬಸಾನಿ ಹೇಳುತ್ತಾರೆ. ಕಾರು ಬಂದದ್ದೇ ತಡ, ಅದು ಊರಿನದಾಯಿತು. ಬಸುರಿಯರನ್ನು ಆಸ್ಪತ್ರೆಗೆ, ಕೋಳಿಗಳನ್ನು ಸಂತೆಗೆ, ಚರ್ಚಿನ ಹಾಡುವ ಗುಂಪಿನ ನಿಲುವಂಗಿಗಳನ್ನು ಇಸ್ತ್ರಿಗೆ, ಯಾರದೋ ಟೀವಿಯನ್ನು ರಿಪೇರಿಗೆ. ಆ ಕಾರಿನಲ್ಲಿ ಬಸಾನಿಯೊಬ್ಬರನ್ನು ಬಿಟ್ಟು ಮಿಕ್ಕವರೆಲ್ಲ ತಾವು ಹೋಗಬೇಕಾದಲ್ಲಿಗೆ ಹೋಗುತ್ತಿದ್ದರು.

ಒಂದು ಭಾನುವಾರ ಚರ್ಚು ಮುಗಿದ ಮೇಲೆ ಅವರು ಎಲ್ಲರಿಗೂ ಕೇಳುವಂತೆ ಹೇಳಿದರಂತೆ: ತಿಂಗಳ ಎರಡನೇ ಬುಧವಾರ ಕಾರು ಸಿಗುವುದಿಲ್ಲ. ಬಸುರಿಯರು ದಯವಿಟ್ಟು ನೋಡಿಕೊಳ್ಳಿ.

ಹೊರಡುವ ಮೊದಲು ಅಂಗಳದಲ್ಲಿ ಚಕ್ರ ಬಿಚ್ಚಿ ಹಾಕುವುದನ್ನು ಮೂರು ಸಲ ಅಭ್ಯಾಸ ಮಾಡಿದರು. ಬೇಲಿಯಾಚೆ ನಿಂತವರು ನಕ್ಕರು. ಆಮೇಲೆ ಒಂದು ಬುಧವಾರ ನನ್ನ ಗೇಟಿಗೆ ಬಂದರು, ನಾನು ಅವರನ್ನು ಬಟ್ಟೆ ಮಡಿಸಲು ಕಳಿಸಿದೆ.

ಆ ಬುಧವಾರವೂ ಸೇರಿ ಒಟ್ಟು ಹತ್ತೊಂಬತ್ತು ಬುಧವಾರ ಬಂದರು. ಹೊರಬರುವ ಪ್ರತಿ ಗಾಡಿಯ ಡಿಕ್ಕಿ ತೆರೆಸಿ ನೋಡುವುದು ನನ್ನ ಕೆಲಸ. ಕಾಡಿನಿಂದ ಒಂದು ಆಮೆಯನ್ನೂ ಕದ್ದು ಒಯ್ಯಬಾರದು. ಎಲ್ಲರನ್ನೂ ಏನು ಕಂಡಿತು ಎಂದು ಕೇಳುವುದು ನನ್ನ ಕೆಲಸವಲ್ಲ, ಚಟ. ಜನ ಪಟ್ಟಿ ಒಪ್ಪಿಸುತ್ತಾರೆ: ಎರಡು ಸಿಂಹ, ಚಿರತೆಯ ಬಾಲ, ಹದ್ದು ಮೂರು ಬಗೆ. ಬಸಾನಿಯವರ ಉತ್ತರ ಹೆಚ್ಚಾಗಿ ಒಂದೇ.

"ಏನೂ ಕಾಣಲಿಲ್ಲ. ಚೆನ್ನಾಗಿತ್ತು."

ಮೊದಲು ಇದು ಸುಳ್ಳು ಎಂದುಕೊಂಡೆ. ದುಡ್ಡು ಕೊಟ್ಟು ಒಳಗೆ ಹೋಗಿ, ಏನೂ ಕಾಣದೆ ಹೊರಗೆ ಬಂದು ನಗುವವರನ್ನು ನಾನು ನೋಡಿರಲಿಲ್ಲ. ನಿಧಾನಕ್ಕೆ, ತಿಂಗಳಿಗೊಂದು ತುಣುಕಿನಂತೆ, ಅವರಿಂದ ಕೇಳಿಕೊಂಡೆ. ಮೊದಲ ದಿನ ಎರಡು ಕಿಲೋಮೀಟರು ಹೋದ ಮೇಲೆ ದಾರಿ ಕವಲೊಡೆಯಿತಂತೆ. ಅಲ್ಲಿ ಹತ್ತು ನಿಮಿಷ ನಿಂತರಂತೆ, ಯಾವ ಕಡೆ ಹೋಗಲಿ ಎಂದು ಕೇಳಲು ಯಾರೂ ಇಲ್ಲ, ಈ ಕಡೆ ಹೋಗು ಎನ್ನಲೂ ಯಾರೂ ಇಲ್ಲ. "ಎಡಕ್ಕೆ ಹೋಗು ಅಂತ ನಾನೇ ಹೇಳಿದೆ, ನಾನೇ ಕೇಳಿದೆ" ಎಂದರು, ದೊಡ್ಡ ಹುದ್ದೆ ಸಿಕ್ಕವರ ಹಾಗೆ.

ಮೂರನೇ ತಿಂಗಳು ಆನೆ ಸಿಕ್ಕಿತು. ಒಂಟಿ ಗಂಡಾನೆ, ರಸ್ತೆಯ ನಟ್ಟನಡುವೆ. ಹಿಂದಿನ ಗಾಡಿಗಳು ಸ್ವಲ್ಪ ಹೊತ್ತು ಕಾದು ಬೇಸತ್ತು ತಿರುಗಿಸಿಕೊಂಡು ಹೋದವು. ಅವುಗಳೊಳಗೆ ಹಸಿದ ಮಕ್ಕಳಿದ್ದವು, ಮುಂದಿನ ತಂಗುದಾಣದಲ್ಲಿ ಕಾಯುವ ಗೆಳೆಯರಿದ್ದರು. ಬಸಾನಿಗಾಗಿ ಯಾರೂ ಕಾಯುತ್ತಿರಲಿಲ್ಲ. ಎಂಜಿನ್ ಆರಿಸಿ ಎರಡು ಗಂಟೆ ಕೂತರು. ಆನೆ ಮೊಪಾನಿ ಮರದ ಕೊಂಬೆ ಮುರಿದು ತಿಂದಿತು, ಇವರು ಆ ಮರದ ಎಲೆ ಮೇಯುವ ಮೊಪಾನಿ ಹುಳುವನ್ನು ಕರಿದು ತಂದಿದ್ದನ್ನು ತಿಂದರು. ಒಂದೇ ಮರದ ಊಟ ಎಂದು ನಕ್ಕರು. "ಮಕ್ಕಳು ತೋರಿಸ್ತಿದ್ದ ಅಳತೆ ತಪ್ಪು ಕಣೋ. ಅಷ್ಟು ಅದರ ಕಿವೀನೇ ಇತ್ತು."

ನದಿ ತಿರುಗುವಲ್ಲಿ ಒಂದು ದೊಡ್ಡ ಮರವಿದೆಯಂತೆ. ಅದರ ನೆರಳಿನಲ್ಲಿ ಕಾರು ನಿಲ್ಲಿಸಿ, ಚಪ್ಪಲಿ ಬಿಟ್ಟು, ತಲೆಯ ಬಟ್ಟೆ ಬಿಚ್ಚಿ, ಬೋಗುಣಿಯನ್ನು ತೊಡೆಯ ಮೇಲಿಟ್ಟುಕೊಂಡು ಊಟ. ಅಡುಗೆಯವಳು ಬಿಸಿ ಊಟ ಮಾಡುವುದಿಲ್ಲ, ಎಲ್ಲರಿಗೂ ಬಡಿಸಿ ಕೊನೆಗೆ ತಳ ಕೆರೆದು ತಿನ್ನುವವಳು ಎಂದರು. ಇಲ್ಲಿ ಬಟ್ಟೆಯ ಗಂಟು ಬಿಚ್ಚಿದಾಗ ಇನ್ನೂ ಹಬೆ ಬರುತ್ತಿರುತ್ತದೆ, ಮಾಂಸದ ತುಂಡನ್ನೇ ಮೊದಲು ತಿನ್ನುತ್ತಾರೆ. ಆಮೇಲೆ ಹಾಡು. ಚರ್ಚಿನಲ್ಲಿ ದೊಡ್ಡ ಗಂಟಲೆಂದು ಇವರಿಗೆ ಯಾವಾಗಲೂ ಮುಖ್ಯ ದನಿ ಕೊಡುತ್ತಾರೆ, ಇವರಿಗೆ ಇಷ್ಟವಾದದ್ದು ಕೆಳಗಿನ ದನಿ. ನೀರುಕುದುರೆಗಳ ಎದುರು ಕೆಳಗಿನ ದನಿಯಲ್ಲೇ ಇಡೀ ಹಾಡು ಮುಗಿಸುತ್ತಾರೆ. ಅವು ದೂರು ಕೊಟ್ಟಿಲ್ಲ.

ಒಂದು ಸಲ ಚಕ್ರ ಪಂಕ್ಚರಾಯಿತು. ಅಂಗಳದಲ್ಲಿ ಮೂರು ಸಲ ಅಭ್ಯಾಸ ಮಾಡಿದವರು ಇಳಿದು ಬದಲಾಯಿಸಬಹುದಿತ್ತು, ಇಳಿಯಲಿಲ್ಲ. ಪಾರ್ಕಿನ ಗಾಡಿ ಬರಲು ಎರಡೂವರೆ ಗಂಟೆಯಾಯಿತು. ತಡವಾದದ್ದಕ್ಕೆ ಡ್ರೈವರು ಕ್ಷಮೆ ಕೇಳಿದರೆ, ಇಷ್ಟು ಬೇಗ ಯಾಕೆ ಬಂದೆ ಎಂದು ಗದರಿದರಂತೆ. ಅವನೇ ನನಗೆ ಹೇಳಿ ತಲೆ ಕೆರೆದುಕೊಂಡ.

ಒಬ್ಬರೇ ಬೇಜಾರಾಗುವುದಿಲ್ಲವೇ ಎಂದು ಅವತ್ತು ಕೇಳಿಬಿಟ್ಟೆ. ಅವರು ರವಿಕೆಯೊಳಗಿಂದ ಆ ಹಾಳೆ ತೆಗೆದರು. ಬೆವರಿಗೆ ಮಡಿಕೆಗಳು ಬಟ್ಟೆಯಂತಾಗಿದ್ದವು.

"ಹುಟ್ಟಿದಾಗಿನಿಂದ ನೋಡ್ತಿದ್ದೀನಿ, ನಾನು ಕೂತ ತಕ್ಷಣ ಯಾರಿಗಾದರೂ ಏನಾದರೂ ಬೇಕಾಗುತ್ತೆ. ಅಪ್ಪನಿಗೆ ನೀರು, ಗಂಡನಿಗೆ ಊಟ, ಮಕ್ಕಳಿಗೆ, ಮೇಷ್ಟ್ರಿಗೆ, ಪಾದ್ರಿಗೆ, ಸತ್ತವರಿಗೂ. ಇಲ್ಲಿ ನೋಡು, ನಾನು ಏಳಬಾರದು ಅಂತ ಸರ್ಕಾರವೇ ಅಚ್ಚು ಹಾಕಿಸಿ ಕೊಟ್ಟಿದೆ."

ನಾನು ಒಳಗೆ ಹೋಗಿದ್ದೇನೆಯೇ ಎಂದು ಕೇಳಿದರು. ನಿಜ ಹೇಳಬೇಕೆಂದರೆ, ಒಂದು ರಿಜಿಸ್ಟರು ತಲುಪಿಸಲು ಮೂರು ಕಿಲೋಮೀಟರು ಹೋಗಿದ್ದೆ. ಸಿಂಹ ಎಲ್ಲಿ ಸಿಗುತ್ತದೆ ಎಂದು ಕೇಳುವವರಿಗೆ ಬೆಳಿಗ್ಗೆ ಎಡಕ್ಕೂ ಸಂಜೆ ಬಲಕ್ಕೂ ಕೈ ತೋರಿಸಿ ಹೊಟ್ಟೆ ಹೊರೆಯುತ್ತಿದ್ದೆ. ಅವರ ಮಾತಿಗೆ ನಾಚಿ ಒಂದು ರಜೆಯ ದಿನ ಚಿಕ್ಕಪ್ಪನ ಮಗನ ಕಾರು ಕೇಳಿ ಪಡೆದು ಒಬ್ಬನೇ ಹೋದೆ. ನಲವತ್ತು ನಿಮಿಷ ತಡೆದೆ. ಆಮೇಲೆ ಫೋನಿಗೆ ಸಿಗ್ನಲ್ ಸಿಗುವ ದಿಬ್ಬ ಹುಡುಕಿಕೊಂಡು ಹೋಗಿ ತಂಗಿಗೆ ಫೋನು ಮಾಡಿ, ಮನೆಯಲ್ಲಿ ಏನು ಸಾರು ಎಂದು ಕೇಳಿದೆ. ಒಬ್ಬರೇ ಇರುವುದಕ್ಕೂ ಅಭ್ಯಾಸ ಬೇಕು. ನನಗೆ ಅಂಗಳದಲ್ಲಿ ಮಾಡಿದ ಅಭ್ಯಾಸವೂ ಇರಲಿಲ್ಲ.

ಇಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಆದರೆ ನನಗೆ ಬಾಯಿ ಇದೆ.

ಒಂದು ಸಂಜೆ ಕೆಲಸ ಮುಗಿಸಿ ಊರಿಗೆ ಹೋಗುವ ಟ್ಯಾಕ್ಸಿಯಲ್ಲಿದ್ದೆ. ಹದಿನೈದು ಸೀಟಿನ ವ್ಯಾನು, ಭರ್ತಿ. ಮುಂದಿನ ಸಾಲಿನಲ್ಲಿ ಫ್ಲೋರಾ ಷಿವಂಬು ಇದ್ದರು. ಖೊಮೆಲಾದ ಸಾವಿನ ಸಂಘದ ಅಧ್ಯಕ್ಷೆ. ಯಾರ ಮನೆಯಲ್ಲಿ ಸಾವಾದರೂ ಡೇರೆ, ಕುರ್ಚಿ, ಹಂಡೆ, ಅಡುಗೆ ಎಲ್ಲ ಆ ಸಂಘದ ಹೆಂಗಸರದು. ನಮ್ಮ ಬಸಾನಿ ನಿನ್ನ ಗೇಟಿಗೆ ಬರುತ್ತಾಳಂತಲ್ಲ, ಅಲ್ಲಿ ಒಬ್ಬಳೇ ಏನು ಮಾಡುತ್ತಾಳೆ ಎಂದು ಅವರು ಕೇಳಿದರು. ವ್ಯಾನು ಪೂರ್ತಿ ಕಿವಿಯಾಯಿತು. ಅಷ್ಟು ಜನ ಒಟ್ಟಿಗೆ ನನ್ನ ಮಾತಿಗೆ ಕಾದದ್ದು ಅದೇ ಮೊದಲು. ನಗಿಸಬೇಕೆನಿಸಿತು.

"ಏನು ಮಾಡ್ತಾರೋ ಗೊತ್ತಿಲ್ಲ ಮ್ಹಾನಿ. ಹೋಗುವಾಗ ಡಿಕ್ಕಿ ತುಂಬ ಊಟ, ಬರುವಾಗ ಖಾಲಿ ಡಿಕ್ಕಿ. ಅಲ್ಲಿ ಯಾರನ್ನೋ ಸಾಕಿದ್ದಾರೆ ಅನ್ನಿಸುತ್ತೆ."

ಯಾರೂ ನಗಲಿಲ್ಲ. ನನ್ನ ತಮಾಷೆ ಸರಿಯಾಗಿ ತಲುಪಲಿಲ್ಲವೇನೋ ಎಂದುಕೊಂಡೆ. ತಲುಪಿತ್ತು, ಬೇರೆ ವಿಳಾಸಕ್ಕೆ. ನಮ್ಮ ಕಡೆ ಹುಟ್ಟಿದ ಯಾವ ಮಗುವಿಗಾದರೂ ಗೊತ್ತು, ಒಂಟಿ ಹೆಂಗಸು ಕಾಡಿಗೆ ಹೋಗುವುದು ಸೌದೆಗೆ, ಸೊಪ್ಪಿಗೆ, ಹುಳುವಿಗೆ. ಬರುವಾಗ ತಲೆಯ ಮೇಲೆ ಏನಾದರೂ ಇರಲೇಬೇಕು. ಊಟ ಹೊತ್ತು ಕಾಡಿಗೆ ಹೋಗಿ ಬರಿಗೈಯಲ್ಲಿ ಬರುವವಳು ಒಬ್ಬಳೇ: ಕತ್ತೆಕಿರುಬ ಸಾಕಿಕೊಂಡು, ಅದರ ಬೆನ್ನೇರಿ ತಿರುಗುವ ಮಾಟಗಾತಿ. ಅಜ್ಜಿಯರು ಹೇಳುವ ಕಥೆ. ನಾನೂ ಅದನ್ನು ಕೇಳಿಯೇ ಮಲಗಿದವನು. ಟ್ಯಾಕ್ಸಿಯಲ್ಲಿ ಬಾಯಿ ತೆರೆಯುವಾಗ ಮಾತ್ರ ಮರೆತಿದ್ದೆ.

ಎರಡು ವಾರದ ಮೇಲೆ ಖೊಮೆಲಾದಲ್ಲಿ ಒಬ್ಬ ಮುದುಕರು ತೀರಿಕೊಂಡರು. ಶನಿವಾರ ಬೆಳಿಗ್ಗೆ ಮಣ್ಣು ಮಾಡಿ ಬಂದು, ಬಾಗಿಲಲ್ಲಿಟ್ಟ ನೀರಿನಲ್ಲಿ ಎಲ್ಲರೂ ಕೈ ತೊಳೆದು ಊಟಕ್ಕೆ ನಿಂತರು. ಜನ ಹೆಚ್ಚೆಂದು ಅವತ್ತು ಎರಡು ಮಾಂಸದ ಹಂಡೆ, ಒಂದರ ಹಿಂದೆ ಬಸಾನಿ, ಇನ್ನೊಂದರ ಹಿಂದೆ ಫ್ಲೋರಾ. ಫ್ಲೋರಾರ ಮುಂದಿನ ಸಾಲು ಬೇಲಿ ದಾಟಿ ರಸ್ತೆಗೆ ಹೋಗಿತ್ತು. ಬಸಾನಿಯವರ ಮುಂದೆ ಒಂದು ನಾಯಿ ಇತ್ತು. ಯಾರೂ ಆ ಕಡೆ ನೋಡಲಿಲ್ಲ. ಅವರ ಕೈಯಲ್ಲಿ ಮದ್ದು ಇದೆ ಎಂಬ ಮಾತನ್ನು ಬಾಯಿಬಿಟ್ಟು ಹೇಳುವ ಅಗತ್ಯ ಯಾರಿಗೂ ಇರಲಿಲ್ಲ. ಸಾಲಿನಲ್ಲಿ ನಿಂತರೆ ಸಾಕಾಗಿತ್ತು.

ನಾನು ಎಲ್ಲಿದ್ದೆ ಎಂದು ಕೇಳುತ್ತೀರಾದರೆ, ಫ್ಲೋರಾರ ಸಾಲಿನಲ್ಲಿದ್ದೆ. ಮುಂದಿನವನು ಅಲ್ಲಿ ನಿಂತ, ನಾನೂ ನಿಂತೆ. ನಿಂತ ಮೇಲೆ ಏನಾಗುತ್ತಿದೆ ಎಂದು ಗೊತ್ತಾಯಿತು. ಗೊತ್ತಾದ ಮೇಲೂ ನಿಂತೇ ಇದ್ದೆ.

ಬಸಾನಿ ಒಂದು ಗಂಟೆ ಸೌಟು ಹಿಡಿದು ನಿಂತರು. ಆಮೇಲೆ ತಮ್ಮ ಹಂಡೆಯಿಂದ ತಾವೇ ಒಂದು ತಟ್ಟೆ ಬಡಿಸಿಕೊಂಡು, ಎಲ್ಲರೂ ಕಾಣುವ ಹಾಗೆ ಅಂಗಳದ ನಡುವೆ ಕುರ್ಚಿ ಹಾಕಿಸಿಕೊಂಡು, ನಿಧಾನವಾಗಿ ತಿಂದು ಮುಗಿಸಿದರು.

ಸಂಘ ಸಭೆ ಸೇರಿ ತೀರ್ಮಾನ ಮಾಡಿತು. ಫ್ಲೋರಾ ಕೆಟ್ಟವರಲ್ಲ; ಜಗಳವಿಲ್ಲದೆ ದಾರಿ ಹುಡುಕಿದರು. ಇನ್ನು ಮುಂದೆ ಬಸಾನಿ ಪಾರ್ಕಿಗೆ ಹೋಗುವಾಗ ಸಂಘದ ಒಬ್ಬ ಹೆಂಗಸು ಜೊತೆಯಲ್ಲಿ ಹೋಗಬೇಕು, ಸರದಿಯ ಮೇಲೆ. ಜೊತೆಗೆ ಹೋದವಳು ಬಂದು ನೋಡಿದ್ದನ್ನು ಹೇಳುತ್ತಾಳೆ, ಮಾತು ತಾನೇ ಸಾಯುತ್ತದೆ, ಹಂಡೆ ಬಸಾನಿಯದೇ. ಅಲ್ಲಿಯವರೆಗೆ ಸಂಘದ ಹಂಡೆ ಮುಟ್ಟುವಂತಿಲ್ಲ. ಊರಿನವರೆಲ್ಲ ಒಳ್ಳೆಯ ತೀರ್ಪು ಎಂದರು. ನನಗೂ ಹಾಗೇ ಅನಿಸಿತು. ಒಂದು ಸೀಟು ಖಾಲಿ ಇದೆ, ಒಬ್ಬರು ಕೂತರೆ ಏನು ಹೋಗುತ್ತದೆ?

ಮುಂದಿನ ಎರಡನೇ ಬುಧವಾರ ಬಿಳಿ ಟೊಯೊಟಾ ಬಂತು. ಪಕ್ಕದ ಸೀಟಿನಲ್ಲಿ ಸಂಘದವರು ಯಾರೂ ಇರಲಿಲ್ಲ. ಬೋಗುಣಿ ಇತ್ತು, ಅದಕ್ಕೆ ಸೀಟ್ ಬೆಲ್ಟ್ ಹಾಕಿತ್ತು.

ನಾನು ಅರ್ಜಿಯನ್ನು ಮುಂದಕ್ಕೆ ಎಳೆದುಕೊಂಡೆ. ಒಬ್ಬಳು ಎಂದು ಅವರೇ ಹೇಳಿದರು. ಆಗ ನಾನು ಕಿಟಕಿ ಬಿಟ್ಟು ಹೊರಗೆ ಬಂದು, ಕಾರಿನ ಪಕ್ಕ ನಿಂತು, ಟ್ಯಾಕ್ಸಿಯಲ್ಲಿ ಆಡಿದ ಮಾತನ್ನು ಒಪ್ಪಿಕೊಂಡೆ. ಹಿಂದಿನ ಗಾಡಿಯವನು ಎರಡು ಸಲ ಹಾರ್ನ್ ಮಾಡಿದ.

"ಗೊತ್ತು" ಎಂದರು. "ಟ್ಯಾಕ್ಸಿಯಲ್ಲಿ ನಿನ್ನ ಬಿಟ್ಟು ಹದಿನಾಲ್ಕು ಜನ ಇದ್ದರು. ಹದಿಮೂರು ಜನ ಬಂದು ಹೇಳಿದ್ದಾರೆ. ಒಬ್ಬ ಕಿವುಡ."

ನಾನು ಸಭೆಗೆ ಹೋಗಿ ಹೇಳುತ್ತೇನೆ, ಬರೆದುಕೊಡುತ್ತೇನೆ, ಪಾರ್ಕಿನ ಸೀಲು ಹಾಕಿಕೊಡುತ್ತೇನೆ ಎಂದೆಲ್ಲ ಅಂದೆ. ಸೀಲಿನಿಂದ ಯಾರ ಹೊಟ್ಟೆಯೂ ತುಂಬುವುದಿಲ್ಲ ಎಂದರು. ಹಾಗಾದರೆ ಒಂದೆರಡು ಸಲ ಯಾರನ್ನಾದರೂ ಕರೆದುಕೊಂಡು ಬನ್ನಿ, ಬಾಯಿ ಮುಚ್ಚುತ್ತದೆ ಎಂದೆ. ಅವರು ಅಡ್ಡಗಂಬದ ಕಡೆ ಕೈ ತೋರಿಸಿದರು.

"ಇದನ್ನೂ ಬಿಡಲ್ಲ, ಹಂಡೆನೂ ಬಿಡಲ್ಲ. ನಮ್ಮ ಶಾಲೆಯ ಹೆಡ್‌ಮೇಷ್ಟ್ರು ನಿನ್ನೆ ಹೋಗಿಬಿಟ್ಟರು, ಶನಿವಾರ ಮಣ್ಣು. ಅವರು ಇಪ್ಪತ್ತು ವರ್ಷ ನನ್ನ ಕೈಯಲ್ಲಿ ಉಂಡವರು. ನೀನು ಬಾ. ಹಸಿದುಕೊಂಡು ಬಾ."

ಅಡ್ಡಗಂಬ ಎತ್ತಿದೆ. ಕವಲಿನಲ್ಲಿ ಕಾರು ನಿಲ್ಲದೆ ಎಡಕ್ಕೆ ತಿರುಗಿದ್ದು ದೂರದಿಂದ ಕಂಡಿತು ಎಂದು ಬರೆಯಬಹುದಿತ್ತು; ಕವಲು ನನ್ನ ಕಿಟಕಿಯಿಂದ ಕಾಣುವುದಿಲ್ಲ.

ಶನಿವಾರದ ಪಾಳಿ ಬದಲಾಯಿಸಿಕೊಂಡು ಹೋದೆ. ಸಂಘದ ಹಂಡೆಗಳೆಲ್ಲ ಡೇರೆಯ ಬಲಕ್ಕೆ ಸಾಲಾಗಿ ಬೇಯುತ್ತಿದ್ದವು. ಎಡಕ್ಕೆ, ಬೇಲಿಯ ಮೂಲೆಯಲ್ಲಿ, ಬಸಾನಿ ತಮ್ಮ ಸ್ವಂತ ಹಂಡೆ ಇಟ್ಟು ಬೆಂಕಿ ಹಾಕಿದ್ದರು. ಹಂಡೆ, ಸೌದೆ, ಮಾಂಸ ಎಲ್ಲ ಅದೇ ಡಿಕ್ಕಿಯಲ್ಲಿ ತಂದಿದ್ದರು. ಡಿಕ್ಕಿಯ ಬಾಗಿಲನ್ನು ಮುಚ್ಚದೆ ಎಲ್ಲರೂ ನೋಡಲೆಂದು ತೆರೆದೇ ಬಿಟ್ಟಿದ್ದರು. ಸಾವಿನ ಮನೆಯಲ್ಲಿ ಬೆಂಕಿ ಆರಿಸುವುದು ಅಪಶಕುನ, ಹಾಗಾಗಿ ಯಾರೂ ಅವರನ್ನು ಎಬ್ಬಿಸುವಂತಿರಲಿಲ್ಲ.

ಸ್ಮಶಾನದಿಂದ ಬಂದು ಕೈ ತೊಳೆದೆವು. ಸಾಲು ಬಲಕ್ಕೆ ಕಟ್ಟತೊಡಗಿತು. ನಾನು ಎಡಕ್ಕೆ ನಡೆದೆ. ಮೂವತ್ತು ಹೆಜ್ಜೆ ಇರಬಹುದು; ಮೂರು ಸಾವಿರ ಎನಿಸಿತು. ಮೂರು ದಿನದಿಂದ ಒಂದು ಭಾಷಣ ಬಾಯಿಪಾಠ ಮಾಡಿದ್ದೆ. ತಟ್ಟೆ ಕೈಗೆ ಬಂದೊಡನೆ ಮರೆತುಹೋಯಿತು.

"ಹತ್ತೊಂಬತ್ತು ಸಲ ಇವರ ಡಿಕ್ಕಿ ನಾನೇ ನೋಡಿದ್ದೀನಿ" ಎಂದೆ, ಬೇಕಾದದ್ದಕ್ಕಿಂತ ಜೋರಾಗಿ. "ಒಂದು ಫ್ಲಾಸ್ಕು, ಒಂದು ನೀರಿನ ಕ್ಯಾನು, ತಿಂದು ಮುಗಿಸಿದ ಬೋಗುಣಿ, ಕಿತ್ತಳೆ ಸಿಪ್ಪೆ. ಅಷ್ಟೇ. ಟ್ಯಾಕ್ಸಿಯಲ್ಲಿ ನಾನು ಹೇಳಿದ್ದು ತಮಾಷೆ. ಡಿಕ್ಕಿ ಖಾಲಿಯಾಗ್ತಿದ್ದದ್ದು ಇವರು ಊಟ ಮಾಡ್ತಿದ್ದದ್ದರಿಂದ."

ಡೇರೆಯ ಕೆಳಗಿನಿಂದ ಒಬ್ಬ ಅಜ್ಜಿ ಕೇಳಿದಳು: "ಅಷ್ಟೂ ಒಬ್ಬಳೇ?"

"ಒಬ್ಬಳೇ" ಎಂದರು ಬಸಾನಿ, ಹಂಡೆಯಿಂದ ತಲೆಯೆತ್ತದೆ.

ಅಜ್ಜಿ ನಕ್ಕಳು. ಸಾವಿನ ಮನೆಯಲ್ಲಿ ನಗಬಾರದೆಂದು ಬಾಯಿಗೆ ಬಟ್ಟೆ ಹಿಡಿದರೂ ಭುಜ ಕುಣಿಯುತ್ತಿತ್ತು. ನಾನು ನಿಂತಲ್ಲೇ ತಿಂದೆ. ಎಲ್ಲರೂ ನನ್ನ ಗಂಟಲನ್ನೇ ನೋಡುತ್ತಿದ್ದರು. ಆ ದೊಡ್ಡ ಕಾಲರಿನ ಯೂನಿಫಾರಂ ಅವತ್ತು ಹಾಕಿರಲಿಲ್ಲವಲ್ಲ ಎಂದು ಸಮಾಧಾನವಾಯಿತು, ಅದಿಲ್ಲದ್ದರಿಂದ ಇಳಿಯುವ ತುತ್ತು ಎಲ್ಲರಿಗೂ ಸ್ಪಷ್ಟವಾಗಿ ಕಾಣುತ್ತಿತ್ತು. ಎರಡನೇ ಸಲ ತಟ್ಟೆ ಒಡ್ಡುವಾಗ ನನ್ನ ಹಿಂದೆ ಯಾರೋ ಬಂದು ನಿಂತರು. ಗಿಯಾನಿ ಪಟ್ಟಣದಲ್ಲಿ ಲಾರಿ ಓಡಿಸುವ, ಬಾಗಿಲಷ್ಟು ಅಗಲದ ಮನುಷ್ಯ. ಅದೇ ಶಾಲೆಯಲ್ಲಿ ಓದಿದವನು.

"ಮ್ಹಾನಿ, ತಳಕ್ಕೆ ಹತ್ತಿದ ಚಕ್ಕೆ ನನಗೆ ಎತ್ತಿಡಿ" ಎಂದ, ಎಂಟು ವರ್ಷದ ಹುಡುಗನ ದನಿಯಲ್ಲಿ.

"ಸಾಲಲ್ಲಿ ನಿಲ್ಲು. ಆವಾಗಲೂ ನುಗ್ಗುತ್ತಿದ್ದೆ."

ಅವನ ಹಿಂದೆ ಇನ್ನೊಬ್ಬ ಬಂದ. ಆಮೇಲೆ ಮೂವರು. ಹೆಡ್‌ಮೇಷ್ಟ್ರ ಹಳೆಯ ವಿದ್ಯಾರ್ಥಿಗಳು ಒಬ್ಬೊಬ್ಬರಾಗಿ ಬಲದಿಂದ ಎಡಕ್ಕೆ ಜರುಗಿದರು. ನನ್ನ ಭಾಷಣಕ್ಕೆ ಅಲ್ಲ, ವಾಸನೆಗೆ ಎಂದು ನನ್ನ ಅನುಮಾನ. ಹಂಡೆ ಮುಕ್ಕಾಲು ಇಳಿದ ಹೊತ್ತಿಗೆ ಆ ಸಾಲಿನಲ್ಲಿ ಫ್ಲೋರಾ ಷಿವಂಬು ನಿಂತಿದ್ದರು, ಅಧ್ಯಕ್ಷೆಯ ಏಪ್ರನ್ ತೆಗೆದು ಮಡಿಸಿ ಕಂಕುಳಲ್ಲಿ ಇಟ್ಟುಕೊಂಡು.

ಅವರ ಸರದಿ ಬಂತು. ತಟ್ಟೆ ಒಡ್ಡಿದರು. ಬಸಾನಿ ಸೌಟು ಎತ್ತಿದರು. ಆದರೆ ಫ್ಲೋರಾ ತಟ್ಟೆಯನ್ನು ಸ್ವಲ್ಪ ಹಿಂದಕ್ಕೆ ಎಳೆದುಕೊಂಡರು.

"ನಲವತ್ತು ವರ್ಷ ಒಟ್ಟಿಗೆ ಸೌದೆ ತಂದಿದ್ದೀವಿ, ಬಸಾನಿ. ಒಟ್ಟಿಗೆ ಹೆರಿಗೆ ನೋಡಿದ್ದೀವಿ, ಒಟ್ಟಿಗೆ ಹೆಣ ಕಳಿಸಿದ್ದೀವಿ. ಇವರೆಲ್ಲರ ಮುಂದೆ ಕೇಳ್ತೀನಿ. ಪಕ್ಕದ ಸೀಟು ಖಾಲಿ ಇಟ್ಕೊಂಡು ಹೋಗ್ತೀಯಲ್ಲ, ನಾನು ನಿನಗೆ ಬೇಡವಾ?"

ಫ್ಲೋರಾರ ಕಣ್ಣು ತುಂಬಿತ್ತು. ಯಾರಾದರೂ ಆಗ ಸುಳ್ಳು ಹೇಳುತ್ತಿದ್ದರು. ನಾನಾಗಿದ್ದರೆ ಎರಡು ಹೇಳುತ್ತಿದ್ದೆ.

"ಬೇಡ" ಎಂದರು ಬಸಾನಿ. "ನೀನು ಬಂದರೆ ಟೀ ಕೇಳ್ತೀಯ. ತಟ್ಟೆ ಹಿಡಿ."